ಒಪ್ಪಿಗೆ ಕೇಳುವುದು ಬೇರೆ, ಮಾತು ಕೇಳುವುದು ಬೇರೆ: ಸೋಲಾರ್ ಬಡಾವಣೆಯ ಯೋಜನೆಗೆ ಜನರನ್ನು ಸೇರಿಸಿಕೊಳ್ಳುವ ಬಗೆ

2014ರಲ್ಲಿ ಬಿಹಾರದ ಧರ್ನೈ ಎಂಬ ಹಳ್ಳಿಗೆ ಸೋಲಾರ್ ಕರೆಂಟ್ ಬಂತು. ಗ್ರೀನ್‌ಪೀಸ್ ಸಂಸ್ಥೆ ಅಲ್ಲಿ 100 ಕಿಲೋವ್ಯಾಟ್‌ನ ಪುಟ್ಟ ಗ್ರಿಡ್, ಅಂದರೆ ಆ ಊರಿಗಷ್ಟೇ ಕರೆಂಟ್ ಹಂಚುವ ತಂತಿಜಾಲ, ಕಟ್ಟಿಸಿತ್ತು. ದಶಕಗಳಿಂದ ಕತ್ತಲೆಯಲ್ಲಿದ್ದ ಊರು ಅದು. ಎಲ್ಲರೂ ಕುಣಿದಾಡಬೇಕಿತ್ತು ಅಲ್ವಾ? ಆದರೆ ದೊಡ್ಡ ನಾಯಕರು ನೋಡಲು ಬಂದಾಗ ಊರಿನ ಕೆಲವರು ಬೇರೆಯೇ ಬೇಡಿಕೆ ಇಟ್ಟರು. ನಮಗೆ ‘ಅಸಲಿ’ ಕರೆಂಟ್ ಕೊಡಿ, ಈ ‘ನಕಲಿ’ ಕರೆಂಟ್ ಬೇಡ ಎಂದರು. ಅಸಲಿ ಅಂದರೆ ಸರ್ಕಾರದ ತಂತಿಯಲ್ಲಿ ಬರುವ ಕರೆಂಟು. ಸೋಲಾರ್ ಲೈನಿಗೆ ಜಾಸ್ತಿ ಕರೆಂಟ್ ಎಳೆಯುವ ಉಪಕರಣ ಹಾಕುವಂತಿರಲಿಲ್ಲ. ದರವೂ ಜಾಸ್ತಿ ಇತ್ತು. ಮುಂದೆ ಸರ್ಕಾರದ ಲೈನ್ ಬಂತು. ಕೆಲವೇ ವರ್ಷಗಳಲ್ಲಿ ಬ್ಯಾಟರಿಗಳು ಸೋತವು, ಸೋಲಾರ್ ಗ್ರಿಡ್ ಮೂಲೆಗೆ ಬಿತ್ತು.

ಪ್ಯಾನೆಲ್‌ಗಳದ್ದು ಏನೂ ತಪ್ಪಿರಲಿಲ್ಲ. ಊರಿನವರ ತಲೆಯಲ್ಲಿದ್ದ ಕರೆಂಟು ಒಂದು, ಮನೆಗೆ ಬಂದ ಕರೆಂಟು ಇನ್ನೊಂದು. ಸೋಲಾರ್ ಬಡಾವಣೆ, ಅಂದರೆ ಚಾವಣಿಗಳ ಮೇಲೆ ಪ್ಯಾನೆಲ್ ಹಾಕಿ ಬಿಸಿಲಿನ ಕರೆಂಟ್ ಬಳಸುವ ಬಡಾವಣೆ, ಮಾಡಲು ಹೊರಟವರು ನಿವಾಸಿಗಳ ಸಂಘದವರಿರಲಿ, ಮನೆ ಕಟ್ಟಿ ಮಾರುವವರಿರಲಿ, ನಗರ ಯೋಜಕರಿರಲಿ, ಎಲ್ಲರಿಗೂ ಎದುರಾಗುವುದು ಇದೇ ಅಂತರ. ಅದನ್ನು ಕಮ್ಮಿ ಮಾಡಲು ಯಾವುದರ ನಂತರ ಯಾವುದನ್ನು ಮಾಡಬೇಕು ಎಂದು ಕೆಳಗೆ ಬರೆದಿದ್ದೇನೆ. ಕೆಲವು ಹೆಜ್ಜೆ ಒಂದು ಸಂಜೆಯಲ್ಲಿ ಮುಗಿಯುತ್ತವೆ. ನೆರಳಿನ ಮಾತು, ದುಡ್ಡಿನ ಮಾತು ತಿಂಗಳುಗಟ್ಟಲೆ ಎಳೆಯುತ್ತವೆ. ಅದಕ್ಕೆ ಈಗಲೇ ಸಿದ್ಧರಾಗಿ.

1. ಮೊದಲು ನಿಮ್ಮ ಹಾಳೆ ಬರೆದುಕೊಳ್ಳಿ

ಯಾರನ್ನೂ ಕರೆಯುವ ಮೊದಲು ಒಂದು ಹಾಳೆಯಲ್ಲಿ ಮೂರು ಪಟ್ಟಿ ಮಾಡಿ. ಈಗಾಗಲೇ ತೀರ್ಮಾನವಾಗಿ ಹೋಗಿರುವುದು ಯಾವುದು? ಜನ ಹೇಳಿದರೆ ಬದಲಾಗುವುದು ಯಾವುದು? ಪೂರ್ತಿ ಜನರೇ ತೀರ್ಮಾನಿಸಬೇಕಾದದ್ದು ಯಾವುದು? ಉದಾಹರಣೆಗೆ, ವಿದ್ಯುತ್ ಸುರಕ್ಷತೆಯ ನಿಯಮಗಳು ಮೊದಲ ಪಟ್ಟಿಗೆ ಹೋಗುತ್ತವೆ. ಅಲ್ಲಿ ಚರ್ಚೆಗೆ ಜಾಗವಿಲ್ಲ. ಯಾವ ಚಾವಣಿಯ ಮೇಲೆ ಎಷ್ಟು ಪ್ಯಾನೆಲ್ ಎಂಬುದು ಎರಡನೆಯದಕ್ಕೆ. ಬಂದ ಯೂನಿಟ್‌ಗಳನ್ನು ಮನೆಗಳಿಗೆ ಹೇಗೆ ಹಂಚಬೇಕು ಎಂಬುದು ಮೂರನೆಯದಕ್ಕೆ.

ಮೂರನೇ ಪಟ್ಟಿ ಖಾಲಿ ಉಳಿದರೆ ಸಭೆ ಕರೆಯಬೇಡಿ. ಒಂದು ಸುತ್ತೋಲೆ ಕಳಿಸಿ ಸುಮ್ಮನಾಗಿ. ಎಲ್ಲ ಮುಗಿದ ಮೇಲೆ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಕರೆಯುವುದು ಜನರಿಗೆ ಮೋಸ. ಅದು ಅವರಿಗೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಮುಂದಿನ ಸಭೆಗೆ ಯಾರೂ ಬರುವುದಿಲ್ಲ.

ಈ ವಿಷಯವನ್ನು ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲೇ ಒಂದು ಏಣಿಯ ಚಿತ್ರ ಬರೆದು ವಿವರಿಸಿದ್ದರು. ಏಣಿಗೆ ಎಂಟು ಮೆಟ್ಟಿಲು. ಕೆಳಗಿನ ಎರಡು ಬರೀ ತೋರಿಕೆ. ನಡುವಿನ ಮೂರರಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಒಂದಿಷ್ಟು ಸಮಾಧಾನ ಮಾಡುತ್ತಾರೆ. ತೀರ್ಮಾನ ಮಾತ್ರ ಬೇರೆಯವರ ಕೈಯಲ್ಲೇ ಇರುತ್ತದೆ. ಮೇಲಿನ ಮೂರಕ್ಕೆ ಹತ್ತಿದಾಗಲೇ ಜನರಿಗೆ ನಿಜವಾದ ಅಧಿಕಾರ. ಪ್ರತಿ ವಿಷಯವನ್ನೂ ಮೇಲಿನ ಮೆಟ್ಟಿಲಿಗೆ ಏರಿಸಬೇಕು ಅಂತೇನಿಲ್ಲ. ಯಾವ ವಿಷಯ ಯಾವ ಮೆಟ್ಟಿಲಲ್ಲಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರೆ ಸಾಕು.

2. ಯಾರ್ಯಾರನ್ನು ಕರೆಯಬೇಕು?

ಮನೆ ಮಾಲೀಕರ ಪಟ್ಟಿ ಸಂಘದ ಕಚೇರಿಯಲ್ಲಿ ಸಿಗುತ್ತದೆ. ಅದನ್ನೇ ಹಿಡಿದು ಹೊರಟರೆ ಅರ್ಧ ಜನ ಬಿಟ್ಟುಹೋಗುತ್ತಾರೆ. ನಾನಾದರೆ ಐದು ಪ್ರಶ್ನೆ ಹಿಡಿದು ಬಡಾವಣೆಯನ್ನು ಒಂದು ಸುತ್ತು ಹಾಕುತ್ತೇನೆ: ಚಾವಣಿ ಯಾರದು? ತಂತಿ ಯಾರದು? ದುಡ್ಡು ಯಾರದು? ನೆರಳು ಯಾರದು? ಸ್ವಿಚ್ ಒತ್ತುವವರು ಯಾರು?

ಚಾವಣಿ ಎಂದ ಕೂಡಲೇ ಮೇಲಿನ ಮಹಡಿಯವರು ನೆನಪಾಗಬೇಕು. ಪ್ಯಾನೆಲ್‌ನ ಲಾಭ ಎಲ್ಲರಿಗೂ, ಮಳೆಗಾಲದಲ್ಲಿ ಸೋರಿದರೆ ನೀರು ಅವರೊಬ್ಬರ ಮನೆಗೆ. ತಂತಿ ಎಂದರೆ ವಿದ್ಯುತ್ ಕಂಪನಿ. ದುಡ್ಡು ಎಂದರೆ ಮಾಲೀಕರ ಜೊತೆಗೆ ಸಾಲ ಕೊಡುವ ಬ್ಯಾಂಕು ಮತ್ತು ಕಟ್ಟಡದ ವಿಮೆ ಕಂಪನಿ. ನೆರಳು ಎಂದರೆ ಪಕ್ಕದ ಎತ್ತರದ ಕಟ್ಟಡದವರು, ಮರ ಬೆಳೆಸಿದವರು, ಖಾಲಿ ಸೈಟ್ ಇಟ್ಟುಕೊಂಡವರು. ಸ್ವಿಚ್ ಎಂದರೆ ಆ ಮನೆಯಲ್ಲಿ ನಿಜವಾಗಿ ವಾಸ ಮಾಡುವವರು. ಅವರಲ್ಲಿ ಎಷ್ಟೋ ಜನ ಬಾಡಿಗೆದಾರರು.

ಇವರ ಜೊತೆಗೆ ಅಗ್ನಿಶಾಮಕ ದಳದವರು ಬೇಕು. ಬೆಂಕಿ ಬಿದ್ದಾಗ ಚಾವಣಿಯ ಮೇಲೆ ಓಡಾಡಲು ದಾರಿ ಬೇಕಲ್ಲ. ಪ್ಯಾನೆಲ್‌ಗಳ ಮೇಲೆ ಬೆಳಕು ಬೀಳುತ್ತಿರುವವರೆಗೂ ಅವುಗಳ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೇನ್ ಸ್ವಿಚ್ ಆರಿಸಿದರೂ ಅಷ್ಟೇ. ಈ ಒಂದು ಕಾರಣಕ್ಕಾದರೂ ಅವರ ಮಾತನ್ನು ನಕ್ಷೆಗೆ ಮೊದಲೇ ಕೇಳಬೇಕು. ದಿನವೂ ಲಿಫ್ಟ್, ನೀರಿನ ಪಂಪು ನೋಡಿಕೊಳ್ಳುವ ಕೆಲಸಗಾರರನ್ನೂ ಕೂರಿಸಿಕೊಳ್ಳಿ. ಯಾವ ಚಾವಣಿಯಲ್ಲಿ ನೀರು ನಿಲ್ಲುತ್ತದೆ ಎಂದು ಎಂಜಿನಿಯರ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಆಕ್ಸಿಜನ್ ಯಂತ್ರದಂಥ ಉಪಕರಣ ಇಟ್ಟುಕೊಂಡಿರುವವರನ್ನು ಬೇರೆಯಾಗಿಯೇ ಮಾತಾಡಿಸಿ. ಕರೆಂಟ್ ಹೋಗುವುದು ಉಳಿದವರಿಗೆ ಕಿರಿಕಿರಿ, ಅವರಿಗೆ ಜೀವದ ಪ್ರಶ್ನೆ.

ಹೊಸ ಬಡಾವಣೆಯಾದರೆ ನಿವಾಸಿಗಳು ಇನ್ನೂ ಬಂದೇ ಇರುವುದಿಲ್ಲ. ಆಗ ಸೈಟಿಗೆ ಹೆಸರು ಬರೆಸಿದವರನ್ನು ಕೇಳಿ. ಅಕ್ಕಪಕ್ಕದ ಹಳೇ ಬಡಾವಣೆಯವರನ್ನೂ ಕೇಳಿ.

3. ಜನರಿಗಿಂತ ಮೊದಲು ವಿದ್ಯುತ್ ಕಂಪನಿ

ಇದು ತಿರುವುಮುರುವಾಗಿ ಕಾಣಬಹುದು. ಜನರಿಗೆ ಆಸೆ ತೋರಿಸಿ, ಆಮೇಲೆ ‘ಟ್ರಾನ್ಸ್‌ಫಾರ್ಮರ್ ತಡೆಯಲ್ಲ’ ಎಂದು ಕೈ ಚೆಲ್ಲುವುದಕ್ಕಿಂತ ಇದು ವಾಸಿ.

ಜಪಾನಿನ ಓಟಾ ನಗರದ ಒಂದು ಬಡಾವಣೆಯಲ್ಲಿ ಸರ್ಕಾರಿ ಸಂಶೋಧನಾ ಯೋಜನೆಯೊಂದು 553 ಮನೆಗಳ ಮೇಲೆ ಸೋಲಾರ್ ಹಾಕಿಸಿ ನೋಡಿತು. 2002ರಲ್ಲಿ ಶುರುವಾದ ಪ್ರಯೋಗ ಅದು. ಒಂದೇ ಬೀದಿಯ ಎಲ್ಲ ಮನೆಗಳೂ ಒಟ್ಟಿಗೆ ಕರೆಂಟ್ ಹೊರಗೆ ಕಳಿಸಿದರೆ ಏನಾಗುತ್ತದೆ ಎಂದು ತಿಳಿಯುವುದು ಅವರ ಉದ್ದೇಶ. ಬಿಸಿಲಿನ ಮಧ್ಯಾಹ್ನ, ಮನೆಯಲ್ಲಿ ಬಳಕೆ ಕಮ್ಮಿ ಇದ್ದಾಗ, ಲೈನಿನ ವೋಲ್ಟೇಜ್ ಏರುತ್ತದೆ. ಮಿತಿ ಮೀರಿದರೆ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಯಲ್ಲಿ ಬಳಸುವ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ತಾನಾಗಿಯೇ ಉತ್ಪಾದನೆ ತಗ್ಗಿಸಿಕೊಳ್ಳುತ್ತದೆ. ಇದನ್ನು ತಡೆಯಲು ಅಲ್ಲಿ ಮನೆಮನೆಗೂ ಬ್ಯಾಟರಿ ಇಡಬೇಕಾಯಿತು. ನಮಗೆ ಇದರಲ್ಲಿ ಮುಖ್ಯವಾದದ್ದು ಇಷ್ಟು: ಯಾರ ಇನ್ವರ್ಟರ್ ಮೊದಲು ತಗ್ಗುತ್ತದೆ ಎಂಬುದು ಲೈನಿನಲ್ಲಿ ಆ ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಒಂದೇ ಅಳತೆಯ ಪ್ಯಾನೆಲ್ ಹಾಕಿದ ಇಬ್ಬರಲ್ಲಿ ಒಬ್ಬರಿಗೆ ಕಮ್ಮಿ ಯೂನಿಟ್ ಬರಬಹುದು. ಇದು ಮೊದಲೇ ಗೊತ್ತಿಲ್ಲದಿದ್ದರೆ ನೆರೆಹೊರೆಯಲ್ಲಿ ಜಗಳ ಗ್ಯಾರಂಟಿ.

ಕಂಪನಿಯ ಹತ್ತಿರ ಕೇಳಬೇಕಾದದ್ದು ನಾಲ್ಕೇ ಮಾತು. ಈ ಟ್ರಾನ್ಸ್‌ಫಾರ್ಮರ್ ಎಷ್ಟು ಕಿಲೋವ್ಯಾಟ್ ಸೋಲಾರ್ ತಡೆಯುತ್ತದೆ? ಅದಕ್ಕಿಂತ ಜಾಸ್ತಿಯಾದರೆ ಹೊಸದಕ್ಕೆ ಖರ್ಚು ಯಾರದು? ಒಂದು ಚಾವಣಿಯ ಯೂನಿಟ್‌ಗಳನ್ನು ಹಲವು ಮನೆಗಳ ಬಿಲ್ಲಿನಲ್ಲಿ ಕಳೆಯಲು ಇಲ್ಲಿಯ ನಿಯಮ ಬಿಡುತ್ತದಾ? ಅರ್ಜಿ ಹಾಕಿದ ಮೇಲೆ ಎಷ್ಟು ದಿನ ಹಿಡಿಯುತ್ತದೆ? ಉತ್ತರಗಳನ್ನು ಬರಹದಲ್ಲೇ ತೆಗೆದುಕೊಳ್ಳಿ. ಬಾಯಿಮಾತಿನ ಭರವಸೆ ಅಧಿಕಾರಿ ವರ್ಗವಾದ ದಿನವೇ ಹಾರಿಹೋಗುತ್ತದೆ.

4. ಮನೆ ಬಾಗಿಲಿಗೆ ಹೋಗಿ, ದಿನಚರಿ ಕೇಳಿ

ಸಭೆಗೆ ಬರುವವರು ಮಾತು ಬಲ್ಲವರು, ಸಮಯ ಇರುವವರು. ಬಾರದವರ ಮಾತು ಬೇಕೆಂದರೆ ಬಾಗಿಲು ತಟ್ಟಲೇಬೇಕು. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರಾದರೂ ಅದೇ ಬೀದಿಯವರಿರಲಿ.

‘ನಿಮಗೆ ಸೋಲಾರ್ ಇಷ್ಟಾನಾ?’ ಎಂದು ಮಾತ್ರ ಕೇಳಬೇಡಿ. ಎಲ್ಲರೂ ಹೌದು ಎನ್ನುತ್ತಾರೆ, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಬದಲಿಗೆ ಅವರ ದಿನ ಹೇಗೆ ಕಳೆಯುತ್ತದೆ ಎಂದು ಕೇಳಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಗೀಸರ್ ಹಾಕುತ್ತೀರಿ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಬಟ್ಟೆ ಒಗೆಯುವ ಮಷಿನ್ ಯಾವಾಗ ಓಡುತ್ತದೆ? ರಾತ್ರಿ ಪಾಳಿಗೆ ಹೋಗುವವರಿದ್ದಾರಾ? ಮುಂದಿನ ಎರಡು ಮೂರು ವರ್ಷದಲ್ಲಿ ಎಲೆಕ್ಟ್ರಿಕ್ ಗಾಡಿ ಕೊಳ್ಳುವ ಯೋಚನೆ ಇದೆಯಾ? ಕರೆಂಟ್ ಹೋದರೆ ಮೊದಲು ತೊಂದರೆ ಆಗುವುದು ಯಾವುದಕ್ಕೆ? ಕೊನೆಯದಾಗಿ, ಚಾವಣಿಯನ್ನು ಯಾವುದಕ್ಕೆ ಬಳಸುತ್ತೀರಿ?

ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ನಕ್ಷೆಯಲ್ಲಿ ಚಾವಣಿ ಖಾಲಿ ಜಾಗ. ಜನರಿಗೆ ಅದು ಬಟ್ಟೆ ಒಣಗುವ ಜಾಗ, ಮಕ್ಕಳು ಆಡುವ ಜಾಗ, ಕುಂಡದಲ್ಲಿ ಗಿಡ ಬೆಳೆಸುವ ಜಾಗ, ಯಾರೂ ಇಲ್ಲದಾಗ ಒಬ್ಬರೇ ಹೋಗಿ ಕೂರುವ ಜಾಗ. ಸಮತಟ್ಟು ಚಾವಣಿಯಲ್ಲಿ 1 ಕಿಲೋವ್ಯಾಟ್‌ಗೆ ಓಡಾಟದ ದಾರಿಯೂ ಸೇರಿ ಸುಮಾರು 10 ಚದರ ಮೀಟರ್ ಬೇಕಾಗುತ್ತದೆ. ಪ್ಯಾನೆಲ್‌ಗಳನ್ನು ಆಳೆತ್ತರದ ಕಂಬಗಳ ಮೇಲೆ ಏರಿಸಿದರೆ ಕೆಳಗಿನ ಜಾಗ ಉಳಿಯುತ್ತದೆ. ಖರ್ಚು ಜಾಸ್ತಿ, ಗಾಳಿಯ ಒತ್ತಡವೂ ಜಾಸ್ತಿ. ಆದರೆ ಎಷ್ಟೋ ಕಟ್ಟಡಗಳಲ್ಲಿ ವಿರೋಧ ಕರಗುವುದು ಅಲ್ಲೇ.

ಹನ್ನೆರಡು ತಿಂಗಳ ಕರೆಂಟ್ ಬಿಲ್ ಕೇಳಿ. ಕೊಡುವುದು ಬಿಡುವುದು ಅವರಿಷ್ಟ. ಬಿಲ್ ಎಂದರೆ ಒಂದು ಮನೆಯ ಗುಟ್ಟು. ಯಾರು ಊರಲ್ಲಿಲ್ಲ, ಯಾರ ಮನೆಗೆ ಎಷ್ಟು ಖರ್ಚು ಎಲ್ಲವೂ ಅದರಲ್ಲಿ ಕಾಣುತ್ತದೆ. ಹೆಸರು ತೆಗೆದು ಬೀದಿವಾರು ಮೊತ್ತವನ್ನಷ್ಟೇ ಹೊರಗೆ ತೋರಿಸುತ್ತೇವೆ ಎಂದು ಹೇಳಿ, ಹಾಗೇ ನಡೆದುಕೊಳ್ಳಿ.

5. ಮೊದಲ ಸಭೆಯಲ್ಲಿ ಕಹಿ ಮಾತು ಮೊದಲು

ಮೊದಲ ಸಭೆಗೆ ಪ್ಯಾನೆಲ್ ಮಾರುವವರನ್ನು ಕರೆಯಬೇಡಿ. ಅವರು ಒಳ್ಳೆಯವರೇ ಇರಬಹುದು. ಆದರೂ ಅವರು ಕೂತ ಕೋಣೆಯಲ್ಲಿ ಮಾತು ಬೇಗ ‘ಎಷ್ಟು ಕಿಲೋವ್ಯಾಟ್ ಹಾಕೋಣ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಕರೆಂಟ್ ಹೋದಾಗ ಸೋಲಾರ್ ಇರುತ್ತದೆ ಎಂದು ಹತ್ತರಲ್ಲಿ ಒಂಬತ್ತು ಜನ ನಂಬಿರುತ್ತಾರೆ ಎಂದೇ ಇಟ್ಟುಕೊಳ್ಳಿ. ಗ್ರಿಡ್‌ಗೆ, ಅಂದರೆ ವಿದ್ಯುತ್ ಕಂಪನಿಯ ಲೈನಿಗೆ, ಜೋಡಿಸಿದ ಸಾಮಾನ್ಯ ಇನ್ವರ್ಟರ್ ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಎಂದೇ ಹಾಗೆ ಮಾಡಿರುತ್ತಾರೆ. ಕರೆಂಟ್ ಹೋದಾಗಲೂ ದೀಪ ಉರಿಯಬೇಕಾದರೆ ಬ್ಯಾಟರಿ ಬೇಕು, ಅದಕ್ಕೆ ತಕ್ಕ ಬೇರೆ ಬಗೆಯ ಇನ್ವರ್ಟರ್ ಬೇಕು. ಸುಡು ಬಿಸಿಲಿದ್ದಾಗಲೂ, ಚಾವಣಿ ತುಂಬ ಪ್ಯಾನೆಲ್ ಇದ್ದಾಗಲೂ, ಕರೆಂಟ್ ಹೋದರೆ ಮನೆ ಕತ್ತಲೆ. ಇದನ್ನು ಮೊದಲ ದಿನವೇ ಹೇಳಿ. ಆರು ತಿಂಗಳಾದ ಮೇಲೆ ತಾವಾಗಿಯೇ ಕಂಡುಕೊಂಡರೆ ನಿಮ್ಮನ್ನು ಸುಳ್ಳರು ಎನ್ನುತ್ತಾರೆ.

ಎರಡನೇ ಕಹಿ ಮಾತು ಸಂಜೆಯದು. ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಬೆಳಿಗ್ಗೆ 6ರಿಂದ ರಾತ್ರಿ 12ರವರೆಗೆ ಗೀಟು ಹಾಕಿ. ಬಿಸಿಲಿನ ಗೆರೆ ಮಧ್ಯಾಹ್ನ ಗುಡ್ಡದಂತೆ ಏರಿ ಸಂಜೆಗೆ ಇಳಿಯುತ್ತದೆ. ಮನೆಮನೆಗೆ ಹೋಗಿ ಕೇಳಿ ಬಂದಿರಲ್ಲ, ಆ ಬಳಕೆಯ ಗೆರೆಯನ್ನು ಅದರ ಮೇಲೆ ಎಳೆಯಿರಿ. ಅದು ಬೆಳಿಗ್ಗೆ ಒಮ್ಮೆ, ಸಂಜೆ ಇನ್ನೊಮ್ಮೆ ಏರುತ್ತದೆ. ಎರಡು ಗೆರೆ ಕೂಡದ ಜಾಗವನ್ನು ಜನ ತಾವೇ ಬೆರಳಿಟ್ಟು ತೋರಿಸುತ್ತಾರೆ. ‘ನೀರಿನ ಪಂಪನ್ನು ಮಧ್ಯಾಹ್ನ ಓಡಿಸಬಹುದಲ್ಲ’ ಎಂದು ಯಾರೋ ಹೇಳುತ್ತಾರೆ. ‘ಗಾಡಿ ಚಾರ್ಜಿಂಗ್ ಹಗಲಿಗೆ ಹಾಕಿದರೆ?’ ಎಂದು ಇನ್ನೊಬ್ಬರು. ಪ್ಯಾನೆಲ್‌ಗಳೆಲ್ಲ ದಕ್ಷಿಣಕ್ಕೇ ಮುಖ ಮಾಡಬೇಕಾ, ಕೆಲವನ್ನು ಪಶ್ಚಿಮಕ್ಕೆ ತಿರುಗಿಸಿದರೆ ಸಂಜೆ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದಾ ಎಂಬ ಪ್ರಶ್ನೆಯೂ ಬರಬಹುದು. ಸಿಗುತ್ತದೆ. ಒಟ್ಟು ಉತ್ಪಾದನೆ ಮಾತ್ರ ಸ್ವಲ್ಪ ಇಳಿಯುತ್ತದೆ. ಇಂಥ ಮಾತು ಶುರುವಾಯಿತು ಎಂದರೆ ಜನ ಯೋಜನೆಯ ಒಳಗೆ ಬಂದರು ಎಂದೇ ಲೆಕ್ಕ.

ಆರು, ಏಳು ಜನರ ಗುಂಪು ಮಾಡಿ ಕೂರಿಸಿ. ವೇದಿಕೆ, ಮೈಕು ಬೇಡ. ಮೈಕು ಕೊಟ್ಟರೆ ಇಡೀ ಸಂಜೆ ಮೂರು ಜನರ ಪಾಲಾಗುತ್ತದೆ. ಬಾಡಿಗೆದಾರರಿಗೆ ಬೇರೆ ಸಮಯ ಇಡಿ. ಮನೆ ಮಾಲೀಕರ ಎದುರು ಅವರು ಬಾಯಿ ಬಿಡುವುದು ಕಷ್ಟ. ಎದ್ದ ಪ್ರತಿ ಪ್ರಶ್ನೆಯನ್ನೂ ಬರೆದು, ವಾರದೊಳಗೆ ಉತ್ತರ ಅಂಟಿಸಿ. ‘ಇದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ, ವಿಚಾರಿಸುತ್ತಿದ್ದೇವೆ’ ಎಂಬುದೂ ಒಂದು ಉತ್ತರವೇ.

6. ನೆರಳಿನ ನಡಿಗೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1978ರಿಂದ ಒಂದು ಕಾನೂನಿದೆ. ಪಕ್ಕದ ಮನೆಯ ಸೋಲಾರ್ ಮೇಲೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಒಂದು ಮಿತಿಗಿಂತ ಜಾಸ್ತಿ ನೆರಳು ಬೀಳುವಂತೆ ಮರ ಬೆಳೆಸಬಾರದು. ಸನ್ನಿವೇಲ್ ಊರಿನಲ್ಲಿ ಒಬ್ಬರು ಸಾಲಾಗಿ ರೆಡ್‌ವುಡ್ ಮರ ನೆಟ್ಟಿದ್ದರು. ನೆರೆಯವರು ಆಮೇಲೆ ಸೋಲಾರ್ ಹಾಕಿಸಿದರು. ಮರ ಬೆಳೆಯಿತು, ನೆರಳು ಬಿತ್ತು, ಜಗಳ ಕೋರ್ಟಿಗೆ ಹೋಯಿತು. ಎರಡೂ ಮನೆಯವರು ಪರಿಸರದ ಕಾಳಜಿ ಇದ್ದವರೇ! ಮರದವರು ಸೋತರು. ಅದಾದ ಮೇಲೆ 2008ರಲ್ಲಿ ಕಾನೂನನ್ನೇ ತಿದ್ದಿ, ಪ್ಯಾನೆಲ್‌ಗಿಂತ ಮೊದಲೇ ನೆಟ್ಟ ಮರಗಳಿಗೆ ವಿನಾಯಿತಿ ಕೊಟ್ಟರು.

ನಿಮ್ಮ ಬಡಾವಣೆಯಲ್ಲಿ ಇದು ಕೋರ್ಟಿನವರೆಗೆ ಹೋಗಬಾರದು ಎಂದರೆ ಎಲ್ಲರೂ ಒಟ್ಟಿಗೆ ಚಾವಣಿ ಹತ್ತಬೇಕು. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4 ಹೀಗೆ ಮೂರು ಹೊತ್ತು ಹತ್ತಿ, ನೀರಿನ ಟ್ಯಾಂಕು, ಲಿಫ್ಟ್ ಕೋಣೆ, ಮರ, ಪಕ್ಕದ ಗೋಡೆ ಇವುಗಳ ನೆರಳಿನ ಅಂಚನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಡಿಸೆಂಬರ್ ಕೊನೆಗೆ ಮಾಡಿದರೆ ಇನ್ನೂ ಒಳ್ಳೆಯದು. ಭೂಮಧ್ಯರೇಖೆಯ ಉತ್ತರಕ್ಕಿರುವ ಊರುಗಳಲ್ಲಿ ಆಗ ಸೂರ್ಯ ತುಂಬಾ ಕೆಳಗಿರುತ್ತಾನೆ, ಉತ್ತರಕ್ಕೆ ಬೀಳುವ ನೆರಳು ವರ್ಷದಲ್ಲೇ ಉದ್ದ.

ಕಂಪ್ಯೂಟರಿನಲ್ಲಿ ನೆರಳಿನ ಲೆಕ್ಕ ಹಾಕುವ ತಂತ್ರಾಂಶ ಇಲ್ಲವೇ ಎಂದು ಎಂಜಿನಿಯರ್ ಕೇಳಬಹುದು. ಇದೆ, ಅದನ್ನೂ ಮಾಡಿಸಿ. ಆದರೆ ತನ್ನ ಮನೆಯ ಟ್ಯಾಂಕಿನ ನೆರಳು ಪಕ್ಕದವರ ಪ್ಯಾನೆಲ್ ಜಾಗಕ್ಕೆ ಚಾಚಿದ್ದನ್ನು ಕಣ್ಣಾರೆ ನೋಡಿದವರಿಗೆ ಮತ್ತೆ ವಿವರಿಸಬೇಕಾಗಿಲ್ಲ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು ಎಂಬ ಮಾತನ್ನು ಅಲ್ಲೇ ಹೇಳಿ. ಪ್ರತಿ ಪ್ಯಾನೆಲ್‌ಗೂ ಸಣ್ಣ ಇನ್ವರ್ಟರ್ ಹಾಕಿದರೆ ಈ ನಷ್ಟ ಕಮ್ಮಿ, ಖರ್ಚು ಜಾಸ್ತಿ.

ಮರ ಕಡಿಯುವ ಮಾತು ಬಂದರೆ ನಾನು ಮರದ ಪರ. ಅದು ಬೀದಿಗೆ ತಂಪು ಕೊಡುತ್ತದೆ. ಪ್ಯಾನೆಲ್‌ಗಳನ್ನು ಬೇರೆ ಚಾವಣಿಗೆ ಸರಿಸಬಹುದು, ಮರವನ್ನು ಸರಿಸಲಾಗದು. ಇದನ್ನು ಒಪ್ಪದವರೂ ಇರುತ್ತಾರೆ, ಅವರ ಮಾತನ್ನೂ ಬರೆದುಕೊಳ್ಳಿ.

ಇನ್ನೊಂದು ಸಣ್ಣ ಮಾತು. ನಾಲ್ಕೈದು ವರ್ಷದಲ್ಲಿ ರಿಪೇರಿಗೆ ಬರುವ ಚಾವಣಿಯಾದರೆ ಮೊದಲು ಅದನ್ನು ಮುಗಿಸಿ. ಪ್ಯಾನೆಲ್ ಬಿಚ್ಚಿ, ಸೋರಿಕೆ ಸರಿಮಾಡಿ, ಮತ್ತೆ ಕೂರಿಸುವುದು ದಂಡದ ಖರ್ಚು.

7. ದುಡ್ಡು ಯಾರದು, ಯೂನಿಟ್ ಯಾರಿಗೆ

ಎಲ್ಲ ಬಡಾವಣೆಗಳೂ ಎಡವುವ ಜಾಗ ಇದು. ಆತುರ ಮಾಡಬೇಡಿ.

ಪ್ಯಾನೆಲ್‌ಗಳ ಒಡೆತನಕ್ಕೆ ಮೂರು ದಾರಿಗಳಿವೆ. ಪ್ರತಿ ಮನೆಯವರು ತಮ್ಮದನ್ನು ತಾವೇ ಹಾಕಿಸಿಕೊಳ್ಳಬಹುದು. ಹೊರಗಿನ ಕಂಪನಿಯೊಂದು ತನ್ನ ದುಡ್ಡಿನಲ್ಲಿ ಹಾಕಿ, ಯೂನಿಟ್ ಲೆಕ್ಕದಲ್ಲಿ ನಿಮಗೆ ಮಾರಬಹುದು. ಅಥವಾ ನಿವಾಸಿಗಳೇ ಸಹಕಾರಿ ಮಾಡಿಕೊಂಡು ಷೇರು ಹಾಕಬಹುದು. ಮೊದಲನೆಯದು ಸುಲಭ, ಆದರೆ ಸ್ವಂತ ಚಾವಣಿ ಇದ್ದವರಿಗೆ ಮಾತ್ರ. ಎರಡನೆಯದರಲ್ಲಿ ಕೈಯಿಂದ ದುಡ್ಡು ಹಾಕಬೇಕಾಗಿಲ್ಲ, ಆದರೆ ಒಪ್ಪಂದ 15, 20 ವರ್ಷ ಕಟ್ಟಿಹಾಕುತ್ತದೆ. ಮೂರನೆಯದಕ್ಕೆ ಓಡಾಟ ಜಾಸ್ತಿ.

ಓಡಾಟ ಜಾಸ್ತಿ ಎಂದು ಬಿಡಬೇಡಿ. ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ 2012ರಲ್ಲಿ ಒಂದು ವಸತಿ ಸಮುಚ್ಚಯದ ಚಾವಣಿಯ ಮೇಲೆ 37 ಕಿಲೋವ್ಯಾಟ್‌ನ ಸಹಕಾರಿ ಸೋಲಾರ್ ಬಂತು. ಅದು ನಗರಸಭೆಯ ಬಾಡಿಗೆ ಮನೆಗಳಿದ್ದ ಕಟ್ಟಡ. ಜನ ಷೇರು ಕೊಂಡು ಬಂಡವಾಳ ಹಾಕಿದರು. ಬಂದ ಆದಾಯದ ಒಂದು ಪಾಲು ಅದೇ ಸಮುಚ್ಚಯದ ಮನೆಗಳಲ್ಲಿ ಕರೆಂಟ್ ಉಳಿಸುವ ಕೆಲಸಕ್ಕೆ ಮೀಸಲಾಯಿತು. ಅಲ್ಲಿಯ ಹುಡುಗ ಹುಡುಗಿಯರಿಗೆ ತರಬೇತಿಯೂ ಸಿಕ್ಕಿತು. ಷೇರು ಕೊಳ್ಳಲಾಗದ ಬಾಡಿಗೆದಾರರಿಗೂ ಅದರಲ್ಲಿ ಏನೋ ಒಂದು ಇತ್ತು ಎಂಬುದನ್ನು ಗಮನಿಸಿ. ಜರ್ಮನಿ 2017ರಲ್ಲಿ ಕಾನೂನು ಮಾಡಿ, ಚಾವಣಿಯ ಕರೆಂಟನ್ನು ಬಾಡಿಗೆದಾರರಿಗೇ ಕೊಡುವ ಯೋಜನೆಗಳಿಗೆ ಸಹಾಯಧನ ಕೊಡಲು ಶುರುಮಾಡಿತು. 2018ರ ಯುರೋಪಿನ ನಿಯಮವೂ ಇಂಥ ಜನರ ವಿದ್ಯುತ್ ಸಂಘಗಳಿಗೆ ಒಂದು ರೂಪ ಕೊಟ್ಟಿದೆ. ಯಾರು ಬೇಕಾದರೂ ಸೇರಬಹುದು, ಹಿಡಿತ ಹತ್ತಿರದಲ್ಲಿ ವಾಸಿಸುವವರದ್ದಾಗಿರಬೇಕು, ಲಾಭವೇ ಮುಖ್ಯ ಉದ್ದೇಶವಾಗಬಾರದು. ನಿಮ್ಮ ಸಂಘದ ನಿಯಮ ಬರೆಯುವಾಗ ಈ ಮೂರು ಸಾಲು ಎದುರಿಗಿಟ್ಟುಕೊಳ್ಳಬಹುದು.

ಈಗ ಹಂಚಿಕೆ. 24 ಮನೆಗಳಿಗೆ 30 ಕಿಲೋವ್ಯಾಟ್ ಇದೆ ಎಂದುಕೊಳ್ಳಿ. ಬಿಸಿಲು ಚೆನ್ನಾಗಿರುವ ಕಡೆ ದಿನಕ್ಕೆ ಸುಮಾರು 120 ಯೂನಿಟ್ ಬರುತ್ತದೆ. ಸಮನಾಗಿ ಹಂಚಿದರೆ ಮನೆಗೆ 5 ಯೂನಿಟ್. ದಿನಕ್ಕೆ 3 ಯೂನಿಟ್ ಬಳಸುವ ಅಜ್ಜಿಯ ಮನೆಯಲ್ಲಿ 2 ಉಳಿಯುತ್ತದೆ. 15 ಬಳಸುವ ದೊಡ್ಡ ಸಂಸಾರಕ್ಕೆ ಇನ್ನೂ 10 ಕಮ್ಮಿ ಬೀಳುತ್ತದೆ. ಬಳಕೆಗೆ ತಕ್ಕಂತೆ ಹಂಚಿದರೆ ಜಾಸ್ತಿ ಉರಿಸುವವರಿಗೇ ಜಾಸ್ತಿ ಲಾಭ. ಮನೆಯ ಅಳತೆಗೆ ತಕ್ಕಂತೆ ಎಂದರೆ ದೊಡ್ಡ ಮನೆಯವರು ಗೆದ್ದರು. ಹಾಕಿದ ದುಡ್ಡಿಗೆ ತಕ್ಕಂತೆ ಎಂದರೆ ಇಲ್ಲದವರು ಹೊರಗುಳಿದರು. ಲಿಫ್ಟ್, ಪಂಪು, ಬೀದಿದೀಪಗಳಿಗೆ ಮೊದಲು ಬಳಸಿ, ಉಳಿದದ್ದನ್ನು ಹಂಚುವ ದಾರಿಯೂ ಇದೆ. ನನಗೆ ಅದೇ ಹಿತ ಎನಿಸುತ್ತದೆ. ಬಾಡಿಗೆಯವರು, ಮಾಲೀಕರು ಎಂಬ ಭೇದವಿಲ್ಲದೆ ಎಲ್ಲರ ನಿರ್ವಹಣಾ ಶುಲ್ಕ ಇಳಿಯುತ್ತದೆ. ಅಷ್ಟರಮಟ್ಟಿಗೆ ಯಾರ ಮೀಟರನ್ನೂ ಮುಟ್ಟಬೇಕಾಗಿಲ್ಲ.

ಇದಕ್ಕೆ ಸರಿಯುತ್ತರ ಅಂತ ಒಂದಿಲ್ಲ. ಆದ್ದರಿಂದಲೇ ಇದು ನಿಮ್ಮ ಮೂರನೇ ಪಟ್ಟಿಗೆ ಸೇರಿದ್ದು. ಪ್ರತಿ ಗುಂಪಿಗೂ ಈ ಐದು ಬಗೆಯ ಲೆಕ್ಕ ಕೊಟ್ಟು, ಮೂರು ಕಾಲ್ಪನಿಕ ಮನೆಗಳಿಗೆ ತಾವೇ ಲೆಕ್ಕ ಹಾಕಲು ಬಿಡಿ. ತಮ್ಮ ಮನೆಯ ಲೆಕ್ಕ ಹಾಕಲು ಮೊದಲೇ ಬಿಟ್ಟರೆ ಎಲ್ಲರೂ ತಮಗೆ ಲಾಭವಾಗುವುದನ್ನೇ ನ್ಯಾಯ ಎನ್ನುತ್ತಾರೆ. ಮನುಷ್ಯರೇ ಹಾಗೆ, ಏನು ಮಾಡುವುದು.

8. ಹದಿನೇಳನೇ ವರ್ಷದ ಮಾತು

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಒಕೊಟೋಕ್ಸ್ ಊರಿನಲ್ಲಿ ಡ್ರೇಕ್ ಲ್ಯಾಂಡಿಂಗ್ ಎಂಬ 52 ಮನೆಗಳ ಬಡಾವಣೆ ಇದೆ. ಬೇಸಿಗೆಯ ಬಿಸಿಲಿನ ಶಾಖವನ್ನು 144 ಕೊಳವೆಬಾವಿಗಳ ಮೂಲಕ ನೆಲದೊಳಗೆ ತುಂಬಿಟ್ಟು, ಚಳಿಗಾಲದಲ್ಲಿ ಅದರಿಂದಲೇ ಮನೆ ಬೆಚ್ಚಗಿಡುತ್ತಿದ್ದರು. 2007ರ ಹೊತ್ತಿಗೆ ಶುರುವಾಯಿತು. ಒಂದು ಚಳಿಗಾಲವಂತೂ ಬಿಸಿಯೆಲ್ಲ ಬಿಸಿಲಿನಿಂದಲೇ ಬಂತು. ಲೋಕವೆಲ್ಲ ಹೊಗಳಿತು. ಆಮೇಲೆ ಭಾಗಗಳು ಹಳೆಯದಾದವು, ಬದಲಿ ಸಿಗುವುದು ಕಷ್ಟವಾಯಿತು, ರಿಪೇರಿ ಖರ್ಚು ತಡೆಯಲಾಗಲಿಲ್ಲ. 2024ರಲ್ಲಿ ಅದನ್ನು ಕಳಚುವ ತೀರ್ಮಾನವಾಗಿ, ಮನೆಗಳು ಗ್ಯಾಸ್ ಹೀಟರಿಗೆ ತಿರುಗಿದವು.

ಯಂತ್ರ ಕೆಲಸ ಮಾಡಿತ್ತು. ಆದರೂ ಹದಿನೇಳನೇ ವರ್ಷದ ಖರ್ಚು ಅದನ್ನು ಮುಗಿಸಿತು. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇರಬಹುದು. ಇನ್ವರ್ಟರ್ ಸಾಮಾನ್ಯವಾಗಿ 10ರಿಂದ 15 ವರ್ಷ. ಅಂದರೆ ನಡುವೆ ಒಮ್ಮೆಯಾದರೂ ದೊಡ್ಡ ಖರ್ಚು ಬಂದೇ ಬರುತ್ತದೆ. ಅದಕ್ಕೆ ಮೊದಲ ತಿಂಗಳಿಂದಲೇ ದುಡ್ಡು ಎತ್ತಿಡಬೇಕು.

ಒಪ್ಪಂದದಲ್ಲಿ ಇವಕ್ಕೆ ಉತ್ತರ ಇರಲೇಬೇಕು: ಚಾವಣಿ ಸೋರಿದರೆ, ಅದು ಪ್ಯಾನೆಲ್ ಕಾಲಿನಿಂದಲೇ ಎಂದು ಯಾರು ತೀರ್ಮಾನಿಸುತ್ತಾರೆ? ಮನೆ ಮಾರಿದರೆ ಷೇರು ಹೊಸಬರಿಗೆ ಹೋಗುತ್ತದಾ? ಹಾಕಿಕೊಟ್ಟ ಕಂಪನಿ ಮುಚ್ಚಿದರೆ ಪಾಸ್‌ವರ್ಡ್, ನಕ್ಷೆ, ವಾರಂಟಿ ಕಾಗದ ಯಾರ ಕೈಯಲ್ಲಿರುತ್ತವೆ? ಪ್ಯಾನೆಲ್ ತೊಳೆಯುವವರು ಯಾರು, ಅವರಿಗೆ ಸುರಕ್ಷತಾ ಬೆಲ್ಟ್ ಕೊಡುವವರು ಯಾರು? ಆಯುಸ್ಸು ಮುಗಿದ ಪ್ಯಾನೆಲ್‌ಗಳನ್ನು ಕೆಳಗಿಳಿಸುವ ಖರ್ಚು ಯಾರದು? ವಕೀಲರು ಬರೆದ ಒಪ್ಪಂದವನ್ನು ಯಾರಾದರೂ ಒಬ್ಬರು ಆಡುಮಾತಿನಲ್ಲಿ ಎರಡು ಪುಟಕ್ಕೆ ಇಳಿಸಲಿ. ಇಳಿಸಲು ಆಗದಿದ್ದರೆ ಅದರಲ್ಲಿ ಏನೋ ಎಡವಟ್ಟಿದೆ.

9. ತೀರ್ಮಾನ, ಮತ್ತು ಬದಲಿಸಲು ಜಾಗ

ಎಲ್ಲರೂ ಕೈ ಎತ್ತುವವರೆಗೆ ಕಾಯುತ್ತಾ ಕೂತರೆ ಯಾವ ಕೆಲಸವೂ ಆಗುವುದಿಲ್ಲ. ಎಷ್ಟು ಜನ ಒಪ್ಪಿದರೆ ಮುಂದುವರಿಯುವುದು ಎಂದು ಮತ ಹಾಕುವ ಮೊದಲೇ ಗೊತ್ತುಮಾಡಿ. ಬೇಡ ಎಂದವರಿಗೆ ಹೊರಗುಳಿಯುವ ಹಕ್ಕು ಇರಲಿ, ಮುಂದೆ ಸೇರಲು ಬಾಗಿಲೂ ತೆರೆದಿರಲಿ. ಬೇಡ ಎಂದದ್ದು ಏಕೆ ಎಂದು ಅವರ ಮಾತಿನಲ್ಲೇ ನಡಾವಳಿಯಲ್ಲಿ ಬರೆಯಿರಿ.

ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ 1992ರಲ್ಲಿ ಫ್ರೆಂಚ್ ಸೈನ್ಯ ಖಾಲಿ ಮಾಡಿದ ಜಾಗದಲ್ಲಿ ವೋಬಾನ್ ಬಡಾವಣೆ ಎದ್ದಿತು. ಫೋರಂ ವೋಬಾನ್ ಎಂಬ ನಾಗರಿಕರ ಸಂಘವನ್ನು ನಗರಸಭೆ ಯೋಜನೆಯಲ್ಲಿ ಅಧಿಕೃತವಾಗಿ ಜೊತೆಗೆ ಸೇರಿಸಿಕೊಂಡಿತು. ‘ಕಲಿಯುತ್ತಾ ಯೋಜಿಸುವುದು’ ಎಂಬುದು ಅಲ್ಲಿಯ ಸೂತ್ರ. ಅಂದರೆ ಒಂದು ಹಂತದಲ್ಲಿ ಕಲಿತದ್ದರಿಂದ ಮುಂದಿನ ಹಂತದ ನಕ್ಷೆ ಬದಲಾಗುತ್ತಿತ್ತು. ಅದರ ಪಕ್ಕದಲ್ಲೇ ವರ್ಷಕ್ಕೆ ತಾವು ಬಳಸುವುದಕ್ಕಿಂತ ಹೆಚ್ಚು ಶಕ್ತಿ ಉತ್ಪಾದಿಸುವ 59 ಸೋಲಾರ್ ಮನೆಗಳೂ ಬಂದವು.

ನೀವೂ ಒಂದು ಬೀದಿ ಅಥವಾ ಒಂದು ಕಟ್ಟಡದಿಂದ ಶುರುಮಾಡಿ. ಆರು ತಿಂಗಳು ನಡೆಸಿ, ಎಲ್ಲರಿಗೂ ಕಾಣುವ ಜಾಗದಲ್ಲಿ ಇವತ್ತು ಎಷ್ಟು ಯೂನಿಟ್ ಬಂತು, ಎಷ್ಟು ಖರ್ಚಾಯಿತು ಎಂದು ಬೋರ್ಡ್ ಹಾಕಿ. ಕಮ್ಮಿ ಬಂದ ದಿನವನ್ನೂ ಬರೆಯಿರಿ. ಎರಡನೇ ಕಟ್ಟಡದವರಿಗೆ ನಿಮ್ಮ ಭಾಷಣ ಬೇಕಾಗುವುದಿಲ್ಲ, ಮೊದಲ ಕಟ್ಟಡದವರನ್ನೇ ಕೇಳಿಕೊಳ್ಳುತ್ತಾರೆ.

ವರ್ಷ ತುಂಬಿದಾಗ ಮತ್ತೆ ಎಲ್ಲರನ್ನೂ ಕರೆಯಿರಿ. ಮೊದಲ ಸಭೆಯ ಪ್ರಶ್ನೆಗಳ ಪಟ್ಟಿ ಹೊರತೆಗೆದು ಒಂದೊಂದಾಗಿ ಓದಿ. ಹಂಚಿಕೆಯ ಲೆಕ್ಕ ಹಾಗೇ ಇರಲಾ, ಬದಲಿಸಬೇಕಾ ಎಂದು ಕೇಳಿ. ಪ್ಯಾನೆಲ್ ಕೆಳಗೆ ಒಂದು ಮಳೆಗಾಲ ಕಂಡ ಮೇಲಿನ ಮಹಡಿಯವರಿಗೆ ಮೊದಲು ಮಾತಾಡಲು ಬಿಡಿ. ಚಾವಣಿಯ ಬೀಗದ ಕೈ ಯಾರ ಹತ್ತಿರ ಇದೆ, ಅವರು ಊರಲ್ಲಿಲ್ಲದಾಗ ಇನ್ನೊಂದು ಯಾರ ಹತ್ತಿರ ಇರುತ್ತದೆ ಎಂಬುದನ್ನೂ ಅವತ್ತಿನ ನಡಾವಳಿಯಲ್ಲಿ ಬರೆಸಿ.